ಎಮಿಲ್ ಹಾಕಿದ ಬೆಸುಗೆ

ನಮ್ಮ ಎವಾಂಡರ್ ಹಡಗಿನ ಸೇವಾ ಚರಿತ್ರೆಯನ್ನು ಬರೆದವರು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಾರೆ. ಶತ್ರುವಿನ ಒಂದು ದೋಣಿಯನ್ನೂ ನಾವು ಮುಳುಗಿಸಲಿಲ್ಲವಲ್ಲ. ನಮ್ಮದು ರಿಪೇರಿ ಹಡಗು. 1945ರಲ್ಲಿ ಜಪಾನಿನ ಒಕಿನಾವಾ ಯುದ್ಧದಲ್ಲಿ ಹತ್ತಿರದ ಕೆರಾಮಾ ದ್ವೀಪಗಳ ನಡುವೆ ಲಂಗರು ಹಾಕಿ, ಏಟು ತಿಂದು ಬಂದ ಹಡಗುಗಳನ್ನು ನೆಟ್ಟಗೆ ಮಾಡಿ ಮತ್ತೆ ಏಟು ತಿನ್ನಲು ಕಳಿಸುತ್ತಿದ್ದೆವು. ಚರಿತ್ರೆ ಬರೆಯುವವರು ಹೀಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಬೆಸುಗೆಯವರಿಗೆಲ್ಲ ಮುಖ್ಯಸ್ಥ ಎಮಿಲ್ ಹ್ರುಷ್ಕಾ, ನೆಬ್ರಾಸ್ಕಾದ ಚೆಕ್ ರೈತರ ಮಗ. ನಾನು ಅವನ ಕೈಕೆಳಗಿನವನು. ಒಡೆದ ಹಡಗು ಬಂದರೆ ಮೊದಲು ಅವನೇ ಒಳಗಿಳಿದು ನೋಡುತ್ತಿದ್ದ. 'ಆಗುತ್ತೆ' ಎಂದರೆ ಆ ಹಡಗು ಯುದ್ಧಕ್ಕೆ ವಾಪಸ್. 'ಆಗಲ್ಲ' ಎಂದರೆ ಅಮೆರಿಕಕ್ಕೆ, ಮನೆಗೆ. ಹಾಗಾಗಿ ಆ ಹಡಗುಗಳ ಹುಡುಗರು ನಮ್ಮಲ್ಲಿಗೆ ಬಂದು ಐಸ್‌ಕ್ರೀಂ ತಿನ್ನುತ್ತಾ ಅವನ ಮುಖವನ್ನೇ ನೋಡುತ್ತಿದ್ದರು.

ಏಪ್ರಿಲ್‌ನಲ್ಲಿ ಟ್ಯಾಲ್ಬರ್ಟ್ ಎಂಬ ಯುದ್ಧನೌಕೆ ಬಂತು. ಆತ್ಮಾಹುತಿ ವಿಮಾನ ಬಡಿದು ಅದರ ಮುಂಭಾಗ ಸೀಳಿತ್ತು. ಅದರಲ್ಲಿ ಎಮಿಲ್‌ನ ತಮ್ಮ ಲಾಡಿಸ್ಲಾವ್ ಇದ್ದ.

"ಅಣ್ಣಾ, ಆಗಲ್ಲ ಅಂದ್ಬಿಡೋ. ನಿನ್ನ ಗಂಟೇನು ಹೋಗುತ್ತೆ?" ಎಂದ ಲಾಡಿ.

"ಬಾಯಿ ಮುಚ್ಕೊಂಡು ತಿನ್ನು. ಕರಗ್ತಿದೆ."

"ಊರಿಗೆ ಹೋದ್ರೆ ಅಮ್ಮ ಹಣ್ಣು ತುಂಬಿದ ಕೊಲಾಚಿ ಬನ್ನು ಮಾಡಿಕೊಡ್ತಾಳೆ. ನಿನ್ನ ಪಾಲೂ ನಾನೇ ತಿಂತೀನಿ ಬಿಡು."

ಎಮಿಲ್ ಒಳಗಿಳಿದು ನೋಡಿ ಬಂದು ಅಧಿಕಾರಿಗೆ "ಆಗುತ್ತೆ ಸರ್" ಎಂದ. ನನಗೆ ರೇಗಿಹೋಯಿತು.

"ಒಡಹುಟ್ಟಿದವನಿಗೆ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ?"

"ಇದು ಹೋಗ್ದಿದ್ರೆ ಇದರ ಜಾಗಕ್ಕೆ ಇನ್ನೊಂದು ಹೋಗ್ಬೇಕು. ಅದರಲ್ಲೂ ಯಾರದೋ ತಮ್ಮ ಇರ್ತಾನೆ ಕಣೋ."

ಮುಂಭಾಗಕ್ಕೆ ನೀರು ನುಗ್ಗಿದರೆ ಹಿಂದಕ್ಕೆ ಬರದಂತೆ ತಡೆಯುವ ಒಳಗಿನ ಉಕ್ಕಿನ ಅಡ್ಡಗೋಡೆಯನ್ನು ಮಾತ್ರ ಅವನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಕೂತು ಬೆಸುಗೆ ಹಾಕಿದ.

ಮೇ ತಿಂಗಳಲ್ಲಿ ಟ್ಯಾಲ್ಬರ್ಟನ್ನು ಎಳೆದು ತಂದರು. ಮತ್ತೆ ಮುಂಭಾಗಕ್ಕೇ ವಿಮಾನ ಬಡಿದು ಸಮುದ್ರ ಒಳಗೆ ನುಗ್ಗಿತ್ತು. ಎಮಿಲ್‌ನ ಗೋಡೆ ಒಂದು ಹನಿ ನೀರನ್ನೂ ಹಿಂದಕ್ಕೆ ಬಿಟ್ಟಿರಲಿಲ್ಲ. ಹಡಗು ಉಳಿದದ್ದು ಅದರಿಂದಲೇ. ಲಾಡಿ ಮಲಗುತ್ತಿದ್ದದ್ದು ಆ ಗೋಡೆಯ ಆಚೆ, ನೀರು ತುಂಬಿದ ಕಡೆ.

ನೀರನ್ನು ಹೊರಹಾಕಿದ ಮೇಲೂ ಆ ಕಡೆಯ ಸೊಟ್ಟಗಾದ ಬಾಗಿಲು ತೆರೆಯಲಿಲ್ಲ, ಗೋಡೆಯನ್ನೇ ಕೊಯ್ಯಬೇಕಿತ್ತು. ನಾನು ಗ್ಯಾಸ್ ಕಟರ್ ಹಿಡಿದು ಮುಂದೆ ಹೋದೆ.

"ಕೊಡಿಲ್ಲಿ," ಎಂದ ಎಮಿಲ್.

"ನೀನು ಬೇಡ ಕಣಣ್ಣ."

"ಹಾಕಿದವನು ನಾನು. ಕೊಡು."

ತಾನು ಹಾಕಿದ ಬೆಸುಗೆಯನ್ನು ತಾನೇ ಕೊಯ್ದು ಒಳಗೆ ಹೋಗಿ ತಮ್ಮನನ್ನು ಎತ್ತಿಕೊಂಡು ಬಂದ. ನಾನು ಅತ್ತೆ. ಅವನು ಅಳಲಿಲ್ಲ.

ಅಧಿಕಾರಿ ಹಿಂದೆಮುಂದೆ ನೋಡಿ, ರಿಪೇರಿ ಆಗುತ್ತೋ ಇಲ್ಲವೋ ಎಂದು ಕೊನೆಗೆ ಕೇಳಲೇಬೇಕಾಯಿತು. ಟ್ಯಾಲ್ಬರ್ಟಿನ ಹುಡುಗರು ಉಸಿರು ಬಿಗಿಹಿಡಿದು ನಿಂತಿದ್ದರು.

"ಆಗುತ್ತೆ ಸರ್," ಎಂದ ಎಮಿಲ್. ಹುಡುಗರು ತಲೆ ತಗ್ಗಿಸಿದರು. "ಅವರ ಬೆಸುಗೆಯವನೂ ಸತ್ತಿದ್ದಾನೆ. ಈ ಸಲ ಜೊತೆಗೆ ನನ್ನನ್ನೂ ಕಳಿಸಿಬಿಡಿ."

ಕಳಿಸಿದರು. ಹೊರಡುವ ದಿನ ಅವನ ಚೀಲ ಹೊತ್ತುಕೊಂಡು ನಾನೂ ಟ್ಯಾಲ್ಬರ್ಟಿನೊಳಗೆ ಇಳಿದೆ. ಹೊಸದಾಗಿ ಮುಚ್ಚಿದ ಗೋಡೆಯ ಹತ್ತಿರ ಬಂದು, ಎಲ್ಲಿಡಲಿ ಎಂದು ಕೇಳಿದೆ.

ಅವನು ಗೋಡೆಯ ಆಚೆಗೆ ಕೈ ತೋರಿಸಿದ.

"ಲಾಡಿ ಮಲಗ್ತಿದ್ದ ಕಡೆ ಇಡು."