ಹೊನ್ನಿಯ ಮಾತು

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊನ್ನಿ ಗಂಡ ಚೌಡನ ಕಿವಿಯ ಹಿಂದೆ ಮತ್ತೊಮ್ಮೆ ಒರೆಸಿದಳು. ಹಿಟ್ಟು ಹೋಗಲಿಲ್ಲ. ಹುಬ್ಬಿನ ಬುಡದಲ್ಲಿ, ಕತ್ತಿನ ಸುಕ್ಕಿನೊಳಗೆ, ಕಿವಿಯ ಮಡಿಕೆಯಲ್ಲಿ ಮೂವತ್ತನಾಲ್ಕು ವರ್ಷದ ಹಿಟ್ಟು ಕೂತಿತ್ತು.

"ಸಾಕು ಬಿಡೇ ಹೊನ್ನಕ್ಕ, ಹೊತ್ತಾಯ್ತು," ಎಂದಳು ಪಕ್ಕದ ಮನೆಯ ನಾಗಿ.

ಹೊನ್ನಿ ಏನೋ ಹೇಳಿದಳು. ನಾಗಿಗೆ ತಿಳಿಯಲಿಲ್ಲ. "ಎಂತ ಹೇಳ್ದ್ಲು?" ಎನ್ನುತ್ತ ಅವಳು ಅಭ್ಯಾಸಬಲದಿಂದ ಚೌಡನ ಮುಖವನ್ನೇ ನೋಡಿದಳು. ನೋಡಿದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳದ ಆಚೆಗೆ ಹೋದಳು.

ಆ ದಿನ ಬೆಳಿಗ್ಗೆ ಏಳೂವರೆಗೆ ಚೌಡ ಗಿರಣಿಯ ಬಾಗಿಲು ತೆಗೆದಿದ್ದ. ಯಾರದೋ ರಾಗಿ ಸುರಿದು ಮೋಟರು ಹಾಕಿದವನು ಎದೆ ಹಿಡಿದುಕೊಂಡು ಗೋಧಿಚೀಲದ ಮೇಲೆ ಕೂತ. ಹಾಗೇ ಒರಗಿದ. ರಾಗಿ ಮುಗಿದ ಮೇಲೂ ಬರೀ ಕಲ್ಲು ತಿರುಗುವ ಸದ್ದು ಕೇಳಿ ಹೊನ್ನಿ ಓಡಿಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಶಿರಸಿಯಲ್ಲಿ ಶಾಲೆ ಟೀಚರಾಗಿರುವ ಮಗಳು ಪರಿಮಳಾ ಬಂದು ಮುಟ್ಟುವ ಹೊತ್ತಿಗೆ ಕಾನಸೂರಿನ ಅರ್ಧ ಊರು ಅಂಗಳದಲ್ಲಿತ್ತು.

"ಮೆಣಸು ಬೀಸಿದ ಮೇಲೆ ಅಕ್ಕಿ ಹಾಕ್ತಿರ್ಲಿಲ್ಲ ಅಂವ. ಎಷ್ಟೇ ಅವಸರ ಮಾಡು, ನಾಳೆ ಬಾ ಅಂತಿದ್ದ."

"ಒಂದಿನ ದನಿ ಏರ್ಸಿ ಮಾತಾಡ್ದವನಲ್ಲ. ಚಾ ಹಳಸಿದ್ರೂ ಕುಡ್ಕಂಡು ಹೋಗ್ತಿದ್ದ ಮನ್ಷ."

ಶಿರಸಿಯಿಂದ ಬಂದಿದ್ದ ಬಾಡಿಗೆ ಕಾರಿನ ಖಾಜಾ ಹುಸೇನ್ ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಒಂದ್ಸಲ ಜಗಳ ಆಡಿದ್ದ ಚೌಡಣ್ಣ. ಒಂದೇ ಸಲ. ನಾ ಅಲ್ಲೇ ಇದ್ದೆ."

ಕಂಬಕ್ಕೆ ಒರಗಿ ನಿಂತಿದ್ದ ಹೊನ್ನಿಯ ಅಣ್ಣ ಗೋವಿಂದ ನೆಲ ನೋಡಿದ.

*

ಏಳು ವರ್ಷದ ಹಿಂದೆ ಹೊನ್ನಿಯ ಮಾತು ಗಿರಣಿಯ ಸದ್ದಿಗಿಂತ ಮೇಲಿತ್ತು. ಸರದಿಗೆ ಕಾಯುವ ಹೆಂಗಸರಿಗೆ ಅವಳು ಮದುವೆಮನೆಯ ಸುದ್ದಿ, ಆಸ್ಪತ್ರೆಯ ಸುದ್ದಿ, ತನ್ನ ಅತ್ತೆಯ ಹಳೇ ಕತೆಗಳನ್ನೆಲ್ಲ ಕೂಗಿ ಹೇಳುವಳು. ಹಿಟ್ಟು ಆದಮೇಲೂ ಕತೆ ಮುಗಿಯಲಿ ಎಂದು ಕೂರುವವರಿದ್ದರು. ಚೌಡ ಮಾತಾಡುತ್ತಿರಲಿಲ್ಲ. ಗಿರಾಕಿಗಳ ತುಟಿ ನೋಡಿಯೇ ಹಿಟ್ಟು ಸಣ್ಣಗೋ ದೊರಗೋ ಎಂದು ತಿಳಿದು ತಲೆ ಆಡಿಸುವನು.

ನಾಲಗೆಯ ಬಲ ಅಂಚಿನಲ್ಲಿ ಹುಣ್ಣು ಎದ್ದಾಗ ಅವಳು ಎಲೆಯಡಿಕೆಯ ಸುಣ್ಣ ಹೆಚ್ಚಾಯಿತು ಎಂದುಕೊಂಡಳು. ನಾಲ್ಕು ತಿಂಗಳಾದರೂ ಮಾಯಲಿಲ್ಲ. ಶಿರಸಿಯ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕೊಟ್ಟರು. ಮರುವಾರ ಹೋದಾಗ ಡಾಕ್ಟರು ಕಾಗದದ ಮೇಲೆ ನಾಲಗೆಯ ಚಿತ್ರ ಬರೆದು, ಇಡಿಯಾಗಿ ಅಡ್ಡಗೆರೆ ಎಳೆದರು.

"ಕ್ಯಾನ್ಸರ್ ಐತ್ರಿ. ಪೂರ್ತಿ ತಗೀಬೇಕಾಗ್ತದ. ಶುಕ್ರವಾರ ಅಡ್ಮಿಟ್ ಆಗ್ರಿ."

"ಮಾತು?" ಎಂದ ಚೌಡ.

"ಮೊದ್ಲ ಜೀವ ಉಳಸೂದು ನೋಡೋಣ್ರಿ."

ಗೋವಿಂದ ಪೆನ್ನು ತೆಗೆದು ಕೈಗೆ ಕೊಟ್ಟ. "ಸಹಿ ಹಾಕು ಭಾವ."

ಚೌಡ ಪೆನ್ನನ್ನು ಮೇಜಿನ ಮೇಲಿಟ್ಟ. ರಿಪೋರ್ಟುಗಳನ್ನು ಒಟ್ಟುಮಾಡಿ ಎದೆಗೆ ಅವಚಿಕೊಂಡು ಎದ್ದ. "ಇನ್ನೊಬ್ರ ಹತ್ರ ತೋರ್ಸಬೇಕು."

ಹೊರಗೆ ಖಾಜಾ ಹುಸೇನನ ಕಾರಿನ ಬಳಿ ಗೋವಿಂದ ಅವನ ಅಂಗಿ ಹಿಡಿದ. "ದಿನ ಹೋದಂಗೆ ಬೆಳೀತದೆ ಅಂದದ್ದು ಕೇಳ್ಲಿಲ್ವಾ? ನನ್ನ ತಂಗಿ ಸತ್ರೆ ನಿನ್ನ ಬಿಡೂದಿಲ್ಲ ನಾನು!"

"ಸತ್ರೆ ನಂದೇ ತಪ್ಪು!" ಚೌಡನ ದನಿಗೆ ಆಸ್ಪತ್ರೆಯ ಅಂಗಳದವರೆಲ್ಲ ತಿರುಗಿದರು. "ಅವ್ಳು ಮಾತಾಡ್ದೇ ಹೆಂಗೆ ಬದುಕ್ತಾಳೆ? ನೀನು ಹೇಳು. ಹೆಂಗೆ?"

ಆಮೇಲೆ ಹೆಂಡತಿಯ ಕಡೆ ತಿರುಗಿ, ತನ್ನ ಎಂದಿನ ಸಣ್ಣ ದನಿಯಲ್ಲಿ ಕೇಳಿದ: "ನಿಂಗೆ ಎಂತ ಅನ್ಸ್ತದೆ?"

ಅಷ್ಟು ಹೊತ್ತಿನಲ್ಲಿ ಅವಳನ್ನು ಕೇಳಿದವನು ಅವನೊಬ್ಬನೇ. "ಹೆದ್ರಿಕೆ ಆಗ್ತದೆ. ಆದ್ರೂ ಕೇಳಾಣ," ಎಂದಳು ಹೊನ್ನಿ.

ಮಂಗಳೂರಿನ ಡಾಕ್ಟರಮ್ಮನ ಹೆಸರನ್ನು ಪರಿಮಳಾ ಯಾರನ್ನೋ ಕೇಳಿ ಹುಡುಕಿದಳು. ಎರಡು ದಿನ ಬಿಟ್ಟು ಖಾಜಾ ಹುಸೇನನ ಕಾರಿನಲ್ಲಿ ಘಟ್ಟ ಇಳಿದರು. ಇನ್ನು ಮಾತು ಇರುತ್ತದೋ ಇಲ್ಲವೋ ಎಂದು ಹೊನ್ನಿ ನೋವಿನಲ್ಲೇ ದಾರಿಯುದ್ದಕ್ಕೂ ಮಾತಾಡಿದಳು. ಉಮ್ಮಚಗಿಯ ತವರಿನ ಹೊಳೆ, ಸಣ್ಣವಳಿದ್ದಾಗ ಕದ್ದು ತಿಂದ ಜೋನಿಬೆಲ್ಲ, ಹೆಣ್ಣು ನೋಡಲು ಬಂದ ಚೌಡ ಒಂದಕ್ಷರ ಆಡದೆ ಎದ್ದುಹೋಗಿ ಎಲ್ಲರೂ ಮೂಕ ಎಂದುಕೊಂಡದ್ದು. ಖಾಜಾ ಹುಸೇನ್ ಬೇಕೆಂದೇ ಗಾಡಿಯನ್ನು ನಿಧಾನ ಮಾಡಿದ. ಕುಮಟೆಯಲ್ಲಿ ಚಾ ಬಂದಾಗ ಚೌಡ ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು, ತಾನು ಒಂದು ಗುಟುಕು ಕುಡಿದು ನೋಡಿ, ಉಗುರುಬೆಚ್ಚಗಾದ ಮೇಲೆ ಅವಳ ಕೈಗೆ ಕೊಟ್ಟ. "ಹಂ, ಆಮೇಲೆ?" ಎಂದ. ಅವನು ಹಾಗೆ ಕೇಳಿದ್ದು ಅವಳಿಗೆ ಹೊಸದು.

ಡಾಕ್ಟರಮ್ಮ ಹೊಸದಾಗಿ ಸ್ಕ್ಯಾನ್ ಮಾಡಿಸಿ, ಅರ್ಧ ಗಂಟೆ ನೋಡಿದರು. "ಗಡ್ಡೆ ಬಲಗಡೆಯೇ ಉಂಟು. ನಡು ದಾಟಿಲ್ಲ. ಅರ್ಧ ತೆಗೆದು, ಕೈಯಿಂದ ಮಾಂಸ ತಂದು ಹೊಲಿಯುವ. ಮಾತು ಬರ್ತದೆ, ಮೊದಲಿನ ಹಾಗಲ್ಲ. ಹುಬ್ಬಳ್ಳಿಯವರು ಹೇಳಿದ್ದೂ ನಿಮ್ಮ ಜೀವ ಉಳೀಲಿ ಅಂತಲೇ. ನಾನು ಹೇಳಿದ್ದೇ ಸರಿ ಆಗ್ತದೆ ಅಂತ ಬರೆದು ಕೊಡ್ಲಿಕ್ಕೆ ಆಗೂದಿಲ್ಲ."

ಚೌಡ ಹೆಂಡತಿಯ ಮುಖ ನೋಡಿದ. ಅವಳು ತಲೆ ಆಡಿಸಿದಳು.

*

ಮಾತು ಬಂತು. ದಪ್ಪಗೆ, ತೊದಲುತ್ತ ಬಂತು. ಪರಿಮಳಾ ಎಂಬ ಹೆಸರು 'ಪಯಿಮವಾ' ಆಗಿತ್ತು. ಮಗಳಿಗೂ ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಚೌಡನಿಗೆ. ಮೋಟರಿನ ಸದ್ದಿನಲ್ಲಿ ಬಾಯಿ ನೋಡಿ ಮಾತು ಹಿಡಿಯುವುದು ಅವನಿಗೆ ಅಷ್ಟು ವರ್ಷದ ಕೆಲಸವೇ ಆಗಿತ್ತು. ಆಸ್ಪತ್ರೆಯಿಂದ ಬಂದ ಮೂರನೇ ತಿಂಗಳಿಗೆ ಹೊನ್ನಿ ಮತ್ತೆ ಗಿರಣಿಯಲ್ಲಿ ಕೂತಳು. ಅವಳು ಹೇಳುವುದು, ಅವನು ಹೆಂಗಸರಿಗೆ ದಾಟಿಸುವುದು. ಮೂಕ ಎನ್ನಿಸಿಕೊಂಡ ಮನುಷ್ಯ ಮದುವೆಮನೆಯ ಸುದ್ದಿಯನ್ನೂ ತನ್ನ ತಾಯಿಯ ಮೇಲಿನ ದೂರನ್ನೂ ಒಂದಕ್ಷರ ಬಿಡದೆ, ನಗದೆ ಹೇಳುವನು. ತನ್ನನ್ನು ಬೈದದ್ದನ್ನೂ ತಾನೇ ಹೇಳುವನು: "ಈ ಮನ್ಷಂಗೆ ಬುದ್ಧಿ ಇಲ್ಲ ಅಂತಾಳೆ." ಹೆಂಗಸರು ಬಿದ್ದು ಬಿದ್ದು ನಗುವರು.

*

ಗಂಡಸರು ಚೌಡನನ್ನು ಸುಟ್ಟು ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತಾಗ ಬಿಸಿಲು ಇಳಿದಿತ್ತು. ನಾಗಿ ಚಾ ತಂದಳು.

"ಅವತ್ತು ಭಾವ ನನ್ನ ಮಾತು ಕೇಳಿದ್ರೆ..." ಎಂದ ಗೋವಿಂದ.

ಬಾಗಿಲ ಬಳಿ ಕೂತಿದ್ದ ಹೊನ್ನಿ ಬಾಯಿ ತೆರೆದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಪರಿಮಳಾ ಹತ್ತಿರ ಸರಿದು, "ಅಮ್ಮ ಎಂತ ಹೇಳ್ತಾಳೆ ಅಂದ್ರೆ..." ಎಂದು ಶುರುಮಾಡಿದಳು.

"ಇರು ಮಗಾ. ಅವ್ಳೇ ಹೇಳ್ಲಿ," ಎಂದ ಗೋವಿಂದ.

ಹೊನ್ನಿ ತಡೆದು ತಡೆದು ಹೇಳಿದಳು. ಒಂದು ತಿಂಗಳಿಂದ ಅವನಿಗೆ ಎದೆ ಉರಿಯುತ್ತಿತ್ತು. ಗ್ಯಾಸು ಎಂದು ಅಂಗಡಿಯ ಗುಳಿಗೆ ನುಂಗುತ್ತಿದ್ದ. ಮೊನ್ನೆ ಗಿರಣಿಯಲ್ಲಿ ಅವನೆದುರು ನಿಂತು ಹೇಳಿದಳು: ನಡಿ, ಶಿರಸಿಗೆ ಹೋಗಿ ತೋರ್ಸಾಣ. ನಂಗೆ ಇಬ್ಬಿಬ್ರು ಡಾಕ್ಟರು, ನಿಂಗೆ ಒಬ್ರೂ ಬೇಡವಾ?

"ಅಂವ ನನ್ನ ಬಾಯಿ ನೋಡ್ದ," ಎಂದಳು ಹೊನ್ನಿ. "ನೋಡಿ, ಎಂತ ಹೇಳ್ದೆ, ತಿಳೀಲಿಲ್ಲ ಅಂದ. ಏಳು ವರ್ಷದಲ್ಲಿ ಒಂದಿನ ಹಂಗೆ ಅಂದವನಲ್ಲ ಅಂವ. ತಿಳಿದಿತ್ತು ಅವಂಗೆ. ನಗ್ತಾ ಇದ್ದ."

ಎಲ್ಲರಿಗೂ ಎಲ್ಲವೂ ತಿಳಿಯಲಿಲ್ಲ. ಖಾಜಾ ಹುಸೇನ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಹೊನ್ನಿ ನಿಲ್ಲಿಸಲಿಲ್ಲ. ಗೋವಿಂದ ಕುರ್ಚಿ ಬಿಟ್ಟಿಳಿದು ತಂಗಿಯ ಎದುರು ನೆಲದ ಮೇಲೆ ಕೂತ. ಚಾ ಲೋಟವನ್ನು ಪಕ್ಕಕ್ಕೆ ಸರಿಸಿ, ಮುಂದಕ್ಕೆ ಬಾಗಿ, ಅವಳ ತುಟಿಗಳನ್ನೇ ನೋಡತೊಡಗಿದ.