ಎಂಟೂಕಾಲರ ಬಸ್ಸಿನಲ್ಲಿ ಓದಿದ ಕಾದಂಬರಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಕೆಲಸಕ್ಕೆ ಹೋಗುವ ಹೆಂಗಸರ ಪಾಡು ನಿಮಗೆ ಗೊತ್ತೇ ಇದೆ. ಒಲೆ, ನೀರು, ಊಟದ ಡಬ್ಬಿ ಎಲ್ಲ ಮುಗಿಸಿ ಬಸ್ಸು ಹತ್ತುವಷ್ಟರಲ್ಲಿ ಅರ್ಧ ಜೀವ ಸವೆದಿರುತ್ತದೆ. ‘ನೀನು ತಿಂದೆಯಾ’ ಎಂದು ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಆಫೀಸಿನಲ್ಲಂತೂ ಆ ಮಾತೇ ಇಲ್ಲ. ನಡುವೆ ಸಿಗುವ ಮುಕ್ಕಾಲು ಗಂಟೆ ಮಾತ್ರ ಅವರದು.

ಎಂಟೂಕಾಲರ ಸರ್ಕಾರಿ ಬಸ್ಸಿನ ಹಿಂದಿನ ಸೀಟಿನ ನಾಲ್ವರು ಆ ಹೊತ್ತಿಗೆ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬಳು ಮೊಬೈಲಿನಲ್ಲಿ ಕಾದಂಬರಿಯ ಒಂದು ಕಂತು ಓದುವುದು, ಉಳಿದವರು ಕೇಳುವುದು. ಓದುವವಳು ಶೀತಲ್. ಗಾಂಧಿ ಬಜಾರಿನ ಬಟ್ಟೆ ಸಗಟು ಅಂಗಡಿಯೊಂದರ ಮಹಡಿಯ ಆಫೀಸಿನಲ್ಲಿ ಬಿಲ್ಲು ಬರೆಯುತ್ತಾಳೆ. ಅವಳ ಪಕ್ಕ ಅದೇ ಆಫೀಸಿನ ಶರಾವತಿ, ಮ್ಯಾನೇಜರ್ ಆನಂದನ ಸಹಾಯಕಿ. ಆಚೆ ಟೈಲರಿಂಗ್ ಅಂಗಡಿಯ ಶಂಕರಮ್ಮ. ಕಿಟಕಿಯ ಬದಿಗೆ ಸರ್ಕಾರಿ ಕಚೇರಿಯ ಗುಮಾಸ್ತೆ ಜಗದಾಂಬಾ. ಜಗದಾಂಬಾ ತಮ್ಮ ಕಚೇರಿಯ ಮಹಿಳಾ ದೂರು ಸಮಿತಿಯಲ್ಲೂ ಇದ್ದಾರೆ. ಆದರೆ ಬಸ್ಸಿನಲ್ಲಿ ಅವರೂ ಕಥೆ ಕೇಳುವವರೇ.

ಕಥೆ ಒಂದೇ ಬಗೆಯದು: ಬಾಸು ಮತ್ತು ಅವನ ಸಹಾಯಕಿ. ಬಾಸು ಎತ್ತರದ ಮನುಷ್ಯ, ನಗುವುದಿಲ್ಲ, ಗಾಜಿನ ಕೋಣೆಯಲ್ಲಿ ಕೂತಿರುತ್ತಾನೆ. ಎಲ್ಲರೆದುರು ಅವಳನ್ನು ಬೈಯುತ್ತಾನೆ, ಯಾರೂ ಇಲ್ಲದಾಗ ಅವಳ ಮೇಜಿನ ಮೇಲೆ ತಲೆನೋವಿನ ಮಾತ್ರೆ ಇಟ್ಟು ಹೋಗುತ್ತಾನೆ. ಅವಳ ಬಾಯಿ ಬೇಡ ಎನ್ನುತ್ತದೆ, ಮನಸ್ಸು ಬೇಕು ಎನ್ನುತ್ತದೆ. ಶೀತಲ್ ಇದನ್ನು ಜೋಗುಳದ ದನಿಯಲ್ಲಿ ಓದುತ್ತಿದ್ದಳು. ಹೊರಗೆ ಬೆಳಗಿನ ಮಂಜು. ಕಾರ್ಖಾನೆಯ ಚಿಮಣಿ, ನಾಲೆಯ ನೀರು, ಗದ್ದೆಯ ಬದು ಎಲ್ಲ ಅರ್ಧ ಕರಗಿ ತೇಲುತ್ತಿದ್ದವು. ಬಸ್ಸು ತೂಗುತ್ತಿತ್ತು. ಕೆಲವು ದಿನ ಶಿವಮೊಗ್ಗ ಬಂದದ್ದೇ ತಿಳಿಯುತ್ತಿರಲಿಲ್ಲ, ಕಂಡಕ್ಟರ್ ಬಂದು ಇಳಿಸಬೇಕಾಗುತ್ತಿತ್ತು.

“ಅವನಿಗೆ ಅವಳ ತಲೆನೋವೂ ಗೊತ್ತಾಗುತ್ತೆ ನೋಡಿ,” ಎಂದರು ಶಂಕರಮ್ಮ. “ನಾನು ಕನ್ನಡಕ ಹಾಕ್ಕೊಂಡು ಆರು ತಿಂಗಳಾಯ್ತು. ನಮ್ಮ ಯಜಮಾನ್ರ ಕಣ್ಣಿಗೆ ಇನ್ನೂ ಬಿದ್ದಿಲ್ಲ.”

ಎಲ್ಲರೂ ನಕ್ಕರು. ಇದರಲ್ಲಿ ತಪ್ಪೇನಿದೆ ಹೇಳಿ? ಏನೂ ಇಲ್ಲ. ದಿನವಿಡೀ ಯಾರ ಕಣ್ಣಿಗೂ ಬೀಳದವರಿಗೆ, ತಮ್ಮಂಥವಳೊಬ್ಬಳನ್ನು ಯಾರೋ ಗಮನಿಸುತ್ತಾರೆ ಎಂದು ಕೇಳುವುದೇ ಒಂದು ಸುಖ.

ತೊಂದರೆ ಶುರುವಾದದ್ದು ಬಸ್ಸು ಇಳಿದ ಮೇಲೆ. ಆನಂದ ಸಂಜೆ ಆರರ ನಂತರವೂ ಶರಾವತಿಯನ್ನು ಕೂರಿಸಿಕೊಳ್ಳತೊಡಗಿದ. ‘ಇವತ್ತಿನ ಸೀರೆ ಬಣ್ಣ ನಿಂಗೆ ಒಪ್ಪುತ್ತೆ’ ಎಂದು ಮೆಸೇಜು. ಭಾನುವಾರವೂ ಮೆಸೇಜು.

“ನಂಗೆ ಇದು ಬೇಡ ಕಣೆ,” ಎಂದಳು ಶರಾವತಿ, ಶೀತಲ್‌ಗೆ ಮೊಬೈಲು ತೋರಿಸಿ.

“ಅಯ್ಯೋ ಮಾರಾಯ್ತಿ, ಕಥೇಲಿ ಅವಳೂ ಹದಿನೈದನೇ ಕಂತಿನ ತನಕ ಹಿಂಗೇ ಅಂದ್ಳಲ್ಲ,” ಎಂದು ಶೀತಲ್ ಕಣ್ಣು ಮಿಟುಕಿಸಿದಳು.

ಶರಾವತಿ ಆ ವಾರ ಇನ್ನೆರಡು ಸಲ ಹೇಳಿದಳು. ಶೀತಲ್‌ಗೆ ಅದು ನಾಚಿಕೆಯಂತೆ ಕೇಳಿತು. ಕಾದಂಬರಿಯಲ್ಲಿ ನಾಯಕಿಗೊಬ್ಬ ಗೆಳತಿ ಇರುತ್ತಾಳಲ್ಲ, ಇಬ್ಬರನ್ನೂ ಗುಟ್ಟಾಗಿ ಸೇರಿಸುವವಳು, ಆ ಗೆಳತಿ ತಾನೇ ಎಂದುಕೊಂಡಳು. ಒಂದು ದಿನ ಆನಂದ ಮೆಟ್ಟಿಲ ಹತ್ತಿರ ನಿಂತು, “ಶರಾವತಿ ಭದ್ರಾವತೀಲಿ ಎಲ್ಲಿ ಇಳೀತಾಳೆ?” ಎಂದು ಶೀತಲ್‌ಳನ್ನು ಕೇಳಿದಾಗ ಅವಳ ಎದೆ ಸಿಹಿಯಾಗಿ ಹೊಡೆದುಕೊಂಡಿತು. “ಹೊಸಮನೆ ಸ್ಟಾಪ್, ಸರ್. ಆರೂವರೆ ಬಸ್ಸು,” ಎಂದು ಹೇಳಿಯೇಬಿಟ್ಟಳು. ಆ ಸಂಜೆ ಶೀತಲ್ ಅಂಗಡಿ ದೀಪಗಳನ್ನು ನೋಡುತ್ತಾ ತೇಲಿದಂತೆ ನಡೆದಳು.

ಮರುದಿನ ಸಂಜೆ ಶರಾವತಿ ಬಸ್ಸಿನಿಂದ ಇಳಿದಾಗ ಸ್ಟಾಪಿನಲ್ಲಿ ಆನಂದನ ಕಾರು ನಿಂತಿತ್ತು. ಅವಳು ಹತ್ತಲಿಲ್ಲ. ಕಾರು ಅವಳ ನಡಿಗೆಯ ವೇಗಕ್ಕೆ ಬೀದಿಯ ಕೊನೆಯವರೆಗೂ ಬಂತು. ಅವಳು ಮನೆಯೊಳಗೆ ಓಡಿ ಚಿಲಕ ಹಾಕಿಕೊಂಡಳು. ಅಮ್ಮ ಸೀತಾ ಎಲ್ಲವನ್ನೂ ಕೇಳಿ, “ನಾಳೆಯಿಂದ ಕೆಲಸ ಬೇಡ,” ಎಂದರು. ಓದಿ, ಅಲೆದು, ಎರಡು ವರ್ಷ ಕಾದು ಸಿಕ್ಕ ಕೆಲಸ ಒಂದೇ ಮಾತಿಗೆ ಮುಗಿಯಿತು.

ಮೂರು ದಿನ ಶರಾವತಿಯ ಸೀಟು ಖಾಲಿ. ಫೋನೂ ಎತ್ತಲಿಲ್ಲ. ಮೂರನೆಯ ದಿನ ಶೀತಲ್ ಓದಲು ಮೊಬೈಲು ತೆಗೆದಳು, ಓದದೆ ಚೀಲಕ್ಕೆ ಹಾಕಿದಳು. ಆನಂದನ ಮೆಸೇಜು, ತಾನು ಹೇಳಿಕೊಟ್ಟ ಸ್ಟಾಪು, ಎಲ್ಲವನ್ನೂ ಜಗದಾಂಬಾ ಅವರಿಗೆ ಹೇಳಿದಳು.

ಭಾನುವಾರ ಬೆಳಗ್ಗೆ ಇಬ್ಬರೂ ಶರಾವತಿಯ ಮನೆಗೆ ಹೋದರು. ಸೀತಾ ಕಾಫಿ ಕೊಟ್ಟು, ಕಾರು ಹಿಂದೆ ಬಂದದ್ದನ್ನು ಹೇಳಿದರು. ಶೀತಲ್ ಲೋಟ ಮುಟ್ಟಲಿಲ್ಲ.

“ಸ್ಟಾಪು ಹೇಳಿದ್ದು ನಾನು ಕಣೆ.”

ಶರಾವತಿ ಅವಳತ್ತ ತಿರುಗಿದಳು. “ನಂಗೆ ಬೇಡ ಅಂತ ನಿಂಗೆ ಎಷ್ಟು ಸಲ ಹೇಳಿದ್ದೆ?”

“ಮೂರು ಸಲ.”

“ನೆನಪಿದೆಯಲ್ಲ. ಆದ್ರೂ ಹೇಳ್ದೆ.”

“ನಿನ್ನ ಮನಸ್ಸಲ್ಲಿ ಬೇರೆ ಏನೋ ಇದೆ ಅಂದ್ಕೊಂಡೆ,” ಎಂದು ಶೀತಲ್ ಅತ್ತಳು.

ಜಗದಾಂಬಾ ಬೈಯಲಿಲ್ಲ. “ಆ ಕಾದಂಬರಿ ನಂಗೂ ಇಷ್ಟ, ಶೀತಲ್. ಅದರಲ್ಲಿ ಬರೆಯೋರು ಇಬ್ಬರ ಮನಸ್ಸನ್ನೂ ಬಿಚ್ಚಿ ತೋರಿಸ್ತಾರೆ. ಅವಳಿಗೆ ಒಳಗೊಳಗೇ ಇಷ್ಟ ಅಂತ ನಮಗೆ ಗೊತ್ತಿರುತ್ತೆ, ಅದಕ್ಕೇ ಅವನು ಹಿಂದೆ ಬಿದ್ರೂ ಖುಷಿಯಾಗುತ್ತೆ. ಆಫೀಸಲ್ಲಿ ಯಾರು ಹಂಗೆ ತೋರಿಸ್ತಾರೆ? ಅವಳು ಬಾಯಿಬಿಟ್ಟು ಹೇಳಿದ್ದನ್ನ ನಂಬಬೇಕು, ಅಷ್ಟೇ.”

“ಹಂಗಾದ್ರೆ ಆಫೀಸಲ್ಲಿ ಪ್ರೀತಿನೇ ಆಗಲ್ವಾ ಮೇಡಂ?” ಎಂದಳು ಶೀತಲ್.

“ಯಾಕಾಗಲ್ಲ? ಆಗುತ್ತೆ. ಆದ್ರೆ ಇವಳ ರಜೆ ಚೀಟಿಗೆ ಸಹಿ ಹಾಕೋನು ಅವನೇ. ಇವಳು ನಕ್ಕರೂ ಅದು ಇಷ್ಟಕ್ಕೋ ಭಯಕ್ಕೋ ಯಾರಿಗೆ ಗೊತ್ತು? ಬೇಡ ಅಂದ ಮೇಲೂ ಅವಳ ಕೆಲಸ ಭದ್ರವಾಗಿರಬೇಕು. ಹಂಗಿದ್ದಾಗ ಮಾತ್ರ ಅವಳು ಹೂಂ ಅಂದ್ರೆ ಅದಕ್ಕೆ ಬೆಲೆ.”

ಸೀತಾ ಸೆರಗು ಬಿಗಿದುಕೊಂಡರು. “ಅದೆಲ್ಲ ಸರಿ ಕಣ್ರೀ. ನಾವು ಹೆಸರಿಗೆ ಹೆದರೋರು. ಕೆಲಸ ಬಿಟ್ಟರೆ ಮುಗೀತಲ್ಲ.”

“ಮುಗಿಯಲ್ಲ ಸೀತಮ್ಮ. ತಪ್ಪು ಮಾಡಿದೋನು ಕುರ್ಚೀಲಿ ಕೂತಿರ್ತಾನೆ, ನಿಮ್ಮ ಮಗಳು ಮನೇಲಿ ಕೂರ್ತಾಳೆ. ನಾಳೆ ಅಲ್ಲಿಗೆ ಇನ್ನೊಬ್ಬರ ಮಗಳು ಬರ್ತಾಳೆ.”

“ಅದು ಏಳು ಜನರ ಆಫೀಸು. ಅಂಥ ಸಣ್ಣ ಕಡೆ ಯಾವ ಸಮಿತಿ, ಯಾವ ಕಾನೂನು?”

“ಹತ್ತು ಜನ ಅಥವಾ ಹೆಚ್ಚು ಇದ್ರೆ ಆಫೀಸಲ್ಲೇ ಸಮಿತಿ ಇರಬೇಕು. ಕಡಿಮೆ ಇದ್ರೆ, ಇಲ್ಲಾ ದೂರು ಮಾಲೀಕರ ಮೇಲೇ ಇದ್ರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ಮೂರು ತಿಂಗಳೊಳಗೆ ಬರೆದು ಕೊಡಬೇಕು. ಮೆಸೇಜು ಅಳಿಸಬಾರದು. ದೂರು ಕೊಟ್ಟವಳ ಹೆಸರು ಬಹಿರಂಗ ಮಾಡೋ ಹಾಗಿಲ್ಲ, ಅದೂ ಕಾನೂನೇ.”

“ಅವನು ಸ್ಟಾಪಿಗೆ ಸುಮ್ಮನೆ ಬಂದಿದ್ದೆ ಅಂದ್ರೆ? ಸಾಕ್ಷಿ ಯಾರು?”

ಸಾಕ್ಷಿ ಹೇಳಿದರೆ ತನ್ನ ಕೆಲಸಕ್ಕೂ ಕುತ್ತು ಬರಬಹುದು, ತನ್ನ ದಡ್ಡತನವೂ ಕಾಗದದ ಮೇಲೆ ಬರುತ್ತದೆ ಎಂದು ಶೀತಲ್‌ಗೆ ಗೊತ್ತಿತ್ತು. ಹೆದರಿಕೆಯೂ ಆಯಿತು.

“ನಾನು ಹೇಳ್ತೀನಿ ಸೀತಮ್ಮ. ಆನಂದ್ ಸರ್ ಕೇಳಿದ್ದು, ನಾನು ಹೇಳಿಕೊಟ್ಟಿದ್ದು, ಎರಡನ್ನೂ ಬರೆದು ಸಹಿ ಹಾಕ್ತೀನಿ.”

ಸೀತಾ ಮಗಳ ಮುಖ ನೋಡಿದರು. “ನಿಂಗೆ ಕೆಲಸಕ್ಕೆ ಹೋಗಬೇಕು ಅಂತ ಇದೆಯೇನೇ?”

“ಇದೆ ಅಮ್ಮ. ಅದು ನನ್ನ ಕೆಲಸ.”

ಸೀತಾ ಎದ್ದು ಒಳಗೆ ಹೋದರು. ಹಾಳೆ, ಪೆನ್ನು ತಂದು ಮಗಳ ಮುಂದಿಟ್ಟರು. “ಅಕ್ಷರ ಚೆನ್ನಾಗಿ ಬರಿ,” ಎಂದರು.

ಸೋಮವಾರ ದೂರು ಜಿಲ್ಲೆಯ ಸಮಿತಿಗೆ ಹೋಯಿತು. ಸಮಿತಿಯ ಪತ್ರ ತಲುಪಿದ ಮೇಲೆ ಅಂಗಡಿ ಮಾಲೀಕ ಷಡಕ್ಷರಪ್ಪನವರು ಶರಾವತಿಯ ಕೆಲಸ ತಮ್ಮ ಉಸ್ತುವಾರಿಗೆ ತೆಗೆದುಕೊಂಡರು. ಮೆಸೇಜುಗಳು ನಿಂತವು. ವಿಚಾರಣೆ ನಡೆಯುತ್ತಿದೆ, ಶೀತಲ್ ಹೋಗಿ ತನ್ನ ತಪ್ಪನ್ನೂ ಸೇರಿಸಿಯೇ ಎಲ್ಲ ಹೇಳಿ ಬಂದಿದ್ದಾಳೆ. ಶರಾವತಿ ಈಗ ಕೆಲಸಕ್ಕೆ ಹೋಗುತ್ತಾಳೆ. ಶೀತಲ್ ಜೊತೆ ಮಾತು ಇನ್ನೂ ಮೊದಲಿನಷ್ಟಿಲ್ಲ. ಅದಕ್ಕೆ ಸಮಯ ಬೇಕು, ಶೀತಲ್ ಅವಸರ ಮಾಡುತ್ತಿಲ್ಲ.

ಅಕ್ಕಂದಿರೇ, ತಂಗಿಯರೇ, ಕಾದಂಬರಿ ಓದಿ. ಓದಿ ಹೇಳಿ, ಕೇಳಿ, ತೇಲಿ, ಯಾರಪ್ಪನ ಗಂಟೂ ಹೋಗುವುದಿಲ್ಲ. ಕನಸು ನಿಮ್ಮದು. ಆದರೆ ನಿಮ್ಮ ಕನಸಿಗೆ ಇನ್ನೊಬ್ಬಳನ್ನು ನಾಯಕಿ ಮಾಡಬೇಡಿ. ಯಾರು ಕೇಳಿದರೂ ಅವಳ ಬಸ್ಸು, ಅವಳ ಸ್ಟಾಪು, ಅವಳ ನಂಬರು ಕೊಡಬೇಡಿ. ಅಣ್ಣಂದಿರೇ, ನೀವು ಮೇಲಿನ ಕುರ್ಚಿಯಲ್ಲಿದ್ದರೆ ಇದು ನಿಮಗೂ ಹೇಳಿದ ಮಾತು. ಕಷ್ಟದಲ್ಲಿರುವವರು 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸಮಿತಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಪಕ್ಕದ ಸೀಟಿನವಳು ತನಗೆ ಬೇಡ ಎಂದು ಹೇಳಿದರೆ, ಮೂರನೆಯ ಸಲಕ್ಕೆ ಕಾಯಬೇಡಿ. ಮೊದಲ ಸಲವೇ ನಂಬಿ.