ದರ್ಜಿಗೆ ಊಟ ಸೇರದ ದಿನಗಳು

ಹೆಂಡತಿ ಮಗಳ ಬಾಣಂತನಕ್ಕೆ ಹೋದಂದಿನಿಂದ ದರ್ಜಿಗೆ ಊಟ ಸೇರುತ್ತಿರಲಿಲ್ಲ. ಸೇರುವುದಾದರೂ ಹೇಗೆ ಹೇಳಿ! ಇಷ್ಟು ವರ್ಷ ಎದುರಿಗೆ ಕೂತು "ಇನ್ನೊಂದು ಚೂರು" ಎಂದು ಪ್ರಾಣ ತಿಂದವಳು ಈಗ ಎದುರಿಗಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತಿತ್ತು, ಆಮೇಲೆ ಉರಿ. ಪ್ಯಾಂಟು ಸಡಿಲವಾಯಿತು. ತಾನೇ ದರ್ಜಿ, ಯಾರನ್ನು ಕೇಳಬೇಕು? ಸೊಂಟವನ್ನು ಒಳಕ್ಕೆ ಹಿಡಿದು ಹೊಲಿದುಕೊಂಡ. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದ. ಬೇರೆಯವರಾಗಿದ್ದರೆ ಪ್ಯಾಂಟು ಜಾರಿಯಾದರೂ ಬುದ್ಧಿ ಬರುತ್ತಿತ್ತು!

"ಊಟ ಆಯ್ತಾ?" ಎಂದು ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದಳು.

"ನೀನಿಲ್ದೆ ಗಂಟಲಲ್ಲಿ ಇಳಿಯಲ್ಲ ಕಣೇ."

"ಸಾಕು ಸುಮ್ನಿರಿ, ಅಜ್ಜ ಆದ್ಮೇಲೆ ಶುರುವಾಯ್ತಾ ಇದೆಲ್ಲ!"

ಬೈಗುಳವೇನೋ ಸರಿ, ದನಿಯಲ್ಲಿ ಮಾತ್ರ ಹಿಗ್ಗಿತ್ತು. ಆ ಹಿಗ್ಗು ಕೇಳುವ ಆಸೆಗೆ ಅವನು ದಿನವೂ ಅದನ್ನೇ ಹೇಳಿದ. ಮದುವೆಯಾದಾಗಿನಿಂದ ಬಾಯಿ ಹೇಳದ್ದನ್ನು ಈಗ ಹೊಟ್ಟೆ ಹೇಳುತ್ತಿತ್ತಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಒಂದು ಬೆಳಿಗ್ಗೆ ಮೆಷಿನ್ ಮುಂದೆ ಕೂತವನಿಗೆ ಕಣ್ಣು ಕತ್ತಲೆ ಬಂತು. ಅದನ್ನೂ ವಿರಹದ ಲೆಕ್ಕಕ್ಕೇ ಸೇರಿಸಿ ಅವಳಿಗೆ ಹೇಳಿದ. "ನಿನ್ನೆಯಿಂದ ಕಕ್ಕಸಿಗೆ ಹೋದ್ರೂ ಡಾಂಬರಿನ ಹಾಗೆ ಕಪ್ಪಗೆ..."

ಆ ಕಡೆ ನಗು ನಿಂತಿತು.

"ರೀ, ನನ್ನ ನೆನಪಿಗೆ ಯಾರ ಮಲಾನೂ ಕಪ್ಪಾಗಲ್ಲ! ಅಂಗಡಿ ಬಾಗಿಲು ಹಾಕಿ, ಪಕ್ಕದವರನ್ನ ಕರ್ಕೊಂಡು ಈಗ್ಲೇ ಆಸ್ಪತ್ರೆಗೆ ಹೋಗಿ."

ಆಸ್ಪತ್ರೆಯಲ್ಲಿ ಗುಟ್ಟು ಬಯಲಾಯಿತು. ಬೆನ್ನುನೋವಿನ ಮಾತ್ರೆಯನ್ನು ಊಟವಾದ ಮೇಲೇ ಕೈಗೆ ಕೊಡುತ್ತಿದ್ದವಳು ಹೆಂಡತಿ. ಅವಳು ಹೋದ ಮೇಲೆ ಈ ಮಹಾನುಭಾವ ಅದನ್ನು ಖಾಲಿ ಹೊಟ್ಟೆಗೇ ನುಂಗುತ್ತಿದ್ದ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು.

"ಸುಮ್ಸುಮ್ನೆ ತೂಕ ಇಳಿದಾಗ್ಲೇ ಬರ್ಬೇಕಿತ್ತು," ಎಂದು ಡಾಕ್ಟರಮ್ಮ ಗದರಿದರು. "ಮಲ ಕಪ್ಪಾದ್ರೆ, ರಕ್ತ ವಾಂತಿಯಾದ್ರೆ, ತಲೆ ಸುತ್ತಿದ್ರೆ ಒಂದು ಗಳಿಗೇನೂ ಕಾಯ್ಬಾರ್ದು. ಇನ್ನೂ ತಡ ಮಾಡಿದ್ದಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು."

ಹೆಂಡತಿ ಸಿಕ್ಕಿದ ಬಸ್ಸು ಹತ್ತಿ ಓಡಿ ಬಂದಳು. ರಕ್ತ ಕೊಟ್ಟರು, ಔಷಧಿ ಹಿಡಿಯಿತು. ಮನೆಗೆ ಬಂದ ಕೆಲವೇ ವಾರಗಳಲ್ಲಿ ಅವನು ಕೇಳಿ ಬಡಿಸಿಕೊಂಡು ಉಣ್ಣತೊಡಗಿದ.

ಅವಳು ಮತ್ತೆ ಚೀಲ ತುಂಬಿದಳು. "ಹೊಟ್ಟೆ ಸರಿಹೋಯ್ತಲ್ಲ, ಇನ್ನು ಹೊರಡ್ತೀನಿ. ಹಸುಗೂಸು ಇಟ್ಕೊಂಡು ಮಗಳೊಬ್ಳೇ ಒದ್ದಾಡ್ತಿದಾಳೆ."

ತಡೆಯಲು ಅವನ ಹತ್ತಿರ ಉರಿಯಿಲ್ಲ, ನೋವಿಲ್ಲ. ಎದೆಯಲ್ಲಿ ಮಾತ್ರ ಹೇಳತೀರದ ಸಂಕಟ.

"ಊಟ ಚೆನ್ನಾಗೇ ಸೇರತ್ತೆ ಕಣೇ," ಎಂದು ಅವನು ಚೀಲದ ಹಿಡಿಯನ್ನು ಹಿಡಿದುಕೊಂಡ. "ಆದ್ರೂ ನೀನು ಬೇಕು."

ಅವಳು ಆ ಬಸ್ಸಿಗೆ ಹೋಗಲಿಲ್ಲ. ಮರುದಿನದ ಬಸ್ಸಿಗೆ ಹೋಗಲೇಬೇಕಾಯಿತು.